ಅರ್ಧ ಮನೆ ಮೇಲಿನ ಭೀಮಸೇನ ಜೋಶಿ

ಚಿಕ್ಕಂದಿನಲ್ಲಿ ಕಿವಿಗೆ ಬಿದ್ದ ಸಂಗೀತದ ಬಗ್ಗೆ ನಮ್ಮೂರಿನ ಗ್ರಂಥಾಲಯದ ಮಹಡಿಯಲ್ಲಿ ಒಂದು ಭಾನುವಾರ ಸಂಜೆ ನಾನು ಆಡಿದ ಮಾತು ಇದು. ಯಾರೋ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದ್ದರು. ಅದರಲ್ಲಿ ನನ್ನ ದನಿಗಿಂತ ಫ್ಯಾನಿನ ಸದ್ದೇ ಜಾಸ್ತಿ. ಕೇಳಿಸಿದ್ದನ್ನು ಹಾಗೇ, ಕೇಳಿಸದ ಕಡೆ ನೆನಪಿದ್ದಷ್ಟನ್ನು ಬರೆದಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮೈಕು ಸ್ವಲ್ಪ ಕೂಗುತ್ತಿದೆ. ಆ ಮೂಲೆಯ ಸ್ಪೀಕರನ್ನು ಗೋಡೆ ಕಡೆ ತಿರುಗಿಸಿದರೆ ಸರಿಹೋಗುತ್ತದೆ. ಹಾಂ, ಈಗ ಸರಿ.

ನನ್ನ ಮನೆಯ ಕಥೆಯಿಂದಲೇ ಶುರು ಮಾಡುತ್ತೇನೆ. 1983ರಲ್ಲಿ ನನಗೆ ಒಂಬತ್ತು ವರ್ಷ. ನಮ್ಮಪ್ಪ ಮೇಷ್ಟ್ರು. ಅವರ ಸಹೋದ್ಯೋಗಿಯೊಬ್ಬರಿಗೆ ವರ್ಗವಾಯಿತು, ಹೋಗುವಾಗ ತಮ್ಮ ಟೇಪ್ ರೆಕಾರ್ಡರನ್ನು ಅಪ್ಪನಿಗೆ ಮಾರಿದರು. ಜೊತೆಗೆ ನಾಲ್ಕು ಕ್ಯಾಸೆಟ್ಟು. ಒಂದು ಎಂ.ಎಸ್. ಸುಬ್ಬುಲಕ್ಷ್ಮಿಯವರ ಸುಪ್ರಭಾತ. ಒಂದು ‘ನಿತ್ಯೋತ್ಸವ’, ನಿಸಾರ್ ಅಹಮದ್ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ್ದು. 1978ರಲ್ಲಿ ಬಂದ ಆ ಕ್ಯಾಸೆಟ್ಟು ಆಗ ಮೇಷ್ಟ್ರುಗಳ ಮನೆಯಲ್ಲೆಲ್ಲ ಇರುತ್ತಿತ್ತು ಅಂತ ಕಾಣುತ್ತದೆ. ಮೂರನೆಯದು ಭೀಮಸೇನ ಜೋಶಿಯವರ ದಾಸರಪದ. ನಾಲ್ಕನೆಯದು ಖಾಲಿ.

ಈ ಮೂರು ಕ್ಯಾಸೆಟ್ಟುಗಳನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಲ್ಲ. ಕೇಳಿದೆ ಅನ್ನುವುದೂ ತಪ್ಪು. ನಾನು ಹೋಂವರ್ಕ್ ಮಾಡುತ್ತಿದ್ದೆ, ಅಮ್ಮ ಅಕ್ಕಿ ಆರಿಸುತ್ತಿದ್ದಳು, ಟೇಪು ತಿರುಗುತ್ತಿತ್ತು, ಅಷ್ಟೇ.

ಆಮೇಲೆ ಹದಿನಾರು ವರ್ಷ ಕಳೆಯಿತು. ಬೆಂಗಳೂರಲ್ಲಿ ಕೆಲಸ ಸಿಕ್ಕಿ, ಸಿಡಿ ಪ್ಲೇಯರ್ ಕೊಂಡು, ಮೊದಲು ತಂದ ಸಿಡಿಯೇ ಅದೇ ದಾಸರಪದ. ಹಾಕಿದೆ. ಯಾರೋ ಸುಸ್ತಾದ ಮನುಷ್ಯ ಜೋಶಿಯವರ ಹಾಗೆ ಹಾಡುತ್ತಿದ್ದ ಅನ್ನಿಸಿತು. ದನಿ ದಪ್ಪ, ನಡೆ ನಿಧಾನ. ಸಿಡಿ ಕೆಟ್ಟಿದೆ ಅಂತ ತಿರುಗಿ ಅಂಗಡಿಗೆ ಹೋದೆ. ಅಂಗಡಿಯವನು ಪಾಪ, ಒಳ್ಳೆ ತಾಳ್ಮೆಯವನು, ಮೂರು ಬೇರೆ ಬೇರೆ ಪ್ಲೇಯರಿನಲ್ಲಿ ಹಾಕಿ ತೋರಿಸಿದ. ಮೂರರಲ್ಲೂ ಹಾಗೇ. ನಾಲ್ಕನೆಯದರಲ್ಲಿ ನೋಡೋಣ್ವಾ ಅಂತ ನಾನು ಕೇಳಿದಾಗ ಅವನು ನನ್ನ ಮುಖ ನೋಡಿದ ರೀತಿ ಇನ್ನೂ ನೆನಪಿದೆ.

ಕೆಟ್ಟಿದ್ದು ನಮ್ಮ ಮನೆಯ ಟೇಪ್ ರೆಕಾರ್ಡರು. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. 1963ರಲ್ಲಿ ಫಿಲಿಪ್ಸ್ ಕಂಪನಿ ಕ್ಯಾಸೆಟ್ ಹೊರತಂದಾಗಿನಿಂದ ಇದೇ ಲೆಕ್ಕ. ನಮ್ಮ ಮನೆಯದರ ಮೋಟರು ಸ್ವಲ್ಪ ಜೋರಾಗಿ ತಿರುಗುತ್ತಿತ್ತು. ನೂರಕ್ಕೆ ಆರರಷ್ಟು ಜೋರಾದರೆ ಸಾಕು, ಶ್ರುತಿ ಅರ್ಧ ಮನೆ, ಅಂದರೆ ಹಾರ್ಮೋನಿಯಂನ ಒಂದು ಕೀಲಿಯಿಂದ ಪಕ್ಕದ ಕೀಲಿಯಷ್ಟು, ಮೇಲೆ ಹೋಗುತ್ತದೆ. ಹಾರ್ಮೋನಿಯಂ ಗೊತ್ತಿರುವವರಿಗೆ ಹೇಳಬೇಕಾಗಿಲ್ಲ, ಒಂದು ಮನೆ ಇದ್ದದ್ದು ಒಂದೂವರೆ ಆಗುತ್ತದೆ. ನನ್ನ ಬಾಲ್ಯದ ಭೀಮಸೇನ ಜೋಶಿ ನಿಜವಾದ ಭೀಮಸೇನ ಜೋಶಿಗಿಂತ ಅರ್ಧ ಮನೆ ಮೇಲೆ ಹಾಡುತ್ತಿದ್ದರು. ಇವತ್ತಿಗೂ ನನಗೆ ಅವರೇ ಸರಿ. ಸಿಡಿಯವರು ನಕಲಿ.

ಇದು ನನ್ನೊಬ್ಬನ ಹುಚ್ಚಲ್ಲ. 1994ರಲ್ಲಿ ಡೇನಿಯಲ್ ಲೆವಿಟಿನ್ ಅನ್ನುವ ಅಮೆರಿಕದ ಸಂಶೋಧಕ ಒಂದು ಸರಳ ಪರೀಕ್ಷೆ ಮಾಡಿದ. 46 ಜನರನ್ನು ಕರೆದು, ನಿಮಗೆ ಚೆನ್ನಾಗಿ ಗೊತ್ತಿರುವ ಜನಪ್ರಿಯ ಹಾಡನ್ನು ನೆನಪಿನಿಂದ ಹಾಡಿ ಅಂದ. ಶ್ರುತಿ ಪೆಟ್ಟಿಗೆ ಇಲ್ಲ, ಏನಿಲ್ಲ. ಎರಡು ಹಾಡು ಹಾಡಿಸಿದಾಗ ನೂರಕ್ಕೆ 40ರಷ್ಟು ಜನ ಒಂದು ಸಲವಾದರೂ ರೆಕಾರ್ಡಿನ ಮೂಲ ಶ್ರುತಿಯಲ್ಲೇ ಹಾಡಿದರು. ನಾವು ಹಾಡಿನ ಧಾಟಿ ಮಾತ್ರ ನೆನಪಿಟ್ಟುಕೊಳ್ಳುತ್ತೇವೆ ಅಂದುಕೊಂಡಿರುತ್ತೇವೆ. ಶ್ರುತಿಯೂ ಒಳಗೆ ಹೋಗಿ ಕೂತಿರುತ್ತದೆ. ಅದಕ್ಕೇ ನಾನು ಅವತ್ತು ಅಂಗಡಿಗೆ ಓಡಿದ್ದು. ನನ್ನ ಕಿವಿ ಸರಿಯಾಗೇ ನೆನಪಿಟ್ಟುಕೊಂಡಿತ್ತು, ತಪ್ಪು ಯಂತ್ರವನ್ನು.

ಕನ್ನಡದಲ್ಲಿ ಎರಡು ಮಾತಿವೆ. ಕಿವಿಗೊಡುವುದು ಒಂದು, ಕಿವಿಗೆ ಬೀಳುವುದು ಇನ್ನೊಂದು. ಕಿವಿಗೊಟ್ಟದ್ದು ನಾವು ಆರಿಸಿಕೊಂಡದ್ದು. ಕಿವಿಗೆ ಬಿದ್ದದ್ದು ಸುಮ್ನೆ ಬಿದ್ದದ್ದು, ಪಕ್ಕದ ಮನೆಯಿಂದ, ದೇವಸ್ಥಾನದ ಧ್ವನಿವರ್ಧಕದ ಕೊಳವೆಯಿಂದ, ಟೆಂಟ್ ಸಿನಿಮಾದಿಂದ. ಘಂಟಸಾಲ ದನಿಯಲ್ಲಿ ವೆಂಕಟೇಶನ ಹಾಡು ಬಂತು ಅಂದರೆ ಇನ್ನೇನು ಆಟ ಶುರುವಾಗುತ್ತೆ, ಓಡು ಅಂತ. ನಾನು ಇವತ್ತು ಹೇಳಬೇಕು ಅಂತಿರುವುದು ಈ ಎರಡನೇ ಮಾತಿನ ಬಗ್ಗೆ. ದೊಡ್ಡವರಾದ ಮೇಲೆ ನಾವು ಯಾವುದಕ್ಕೆ ಕಿವಿಗೊಡುತ್ತೇವೆ ಅನ್ನುವುದನ್ನು, ಚಿಕ್ಕಂದಿನಲ್ಲಿ ಕಿವಿಗೆ ಬಿದ್ದದ್ದೇ ಬಹಳಷ್ಟು ತೀರ್ಮಾನ ಮಾಡಿಬಿಟ್ಟಿರುತ್ತದೆ.

ಈಗ ಒಂದು ಆಟ ಆಡೋಣ. ಎಲ್ಲರೂ ಚಪ್ಪಾಳೆ ಹಾಕಿ. ತಕಿಟ ತಕಧಿಮಿ, ತಕಿಟ ತಕಧಿಮಿ. ‘ತ’ ಬಂದಾಗ ಒಂದೊಂದು ತಟ್ಟಿ, ಸಾಕು.

(ಇಲ್ಲಿ ರೆಕಾರ್ಡಿಂಗಿನಲ್ಲಿ ಒಂದು ನಿಮಿಷ ಬರೀ ಚಪ್ಪಾಳೆ. ಮುಂದಿನ ಸಾಲಿನ ಇಬ್ಬರು ಹುಡುಗರು ಬಿಟ್ಟರೆ ಎಲ್ಲರೂ ಎರಡನೇ ಸುತ್ತಿಗೇ ಹಿಡಿದರು.)

ನೋಡಿ, ಏಳು. ಮೂರು ಮತ್ತೆ ನಾಲ್ಕು. ಸಂಗೀತ ಕಲಿತವರು ಮಿಶ್ರಚಾಪು ಅನ್ನುತ್ತಾರೆ. ಇಲ್ಲಿ ಕೂತಿರುವ ಬಹಳ ಜನ ಸಂಗೀತ ಕಲಿತಿಲ್ಲ, ಕೈ ಎತ್ತಿಸಿ ನೋಡಿದೆ. ಆದರೂ ಏಳರ ಲೆಕ್ಕ ಕೈಗೆ ಹೇಗೆ ಬಂತು? ನನ್ನ ಅನುಮಾನ ಕುಮಾರವ್ಯಾಸನ ಮೇಲೆ. ಭಾಮಿನಿ ಷಟ್ಪದಿಯ ಸಾಲು ತೆಗೆದುಕೊಳ್ಳಿ, ಮೂರು ಮಾತ್ರೆ ನಾಲ್ಕು ಮಾತ್ರೆ, ಮೂರು ನಾಲ್ಕು. ಇಡೀ ಗದುಗಿನ ಭಾರತ ಇದೇ ಏಳರ ಮೇಲೆ ನಡೆಯುತ್ತದೆ. ಶಿವಮೊಗ್ಗದ ಹತ್ತಿರ ಮತ್ತೂರು, ಹೊಸಹಳ್ಳಿ ಕಡೆ ಗಮಕ, ಅಂದರೆ ಕಾವ್ಯವನ್ನು ರಾಗವಾಗಿ ಓದುವುದು, ಇನ್ನೂ ಮನೆಮಾತು. ಬೇರೆ ಊರುಗಳಲ್ಲಿ ಇಲ್ಲದಿರಬಹುದು, ಆದರೆ ಶಾಲೆಯಲ್ಲಿ ಮೇಷ್ಟ್ರು ಪದ್ಯ ಹಾಡಿಸುವಾಗ, ಅಜ್ಜಿ ಗುನುಗುವಾಗ ಈ ಏಳು ನಮ್ಮ ಕಿವಿಗೆ ಬಿದ್ದೇ ಬಿದ್ದಿರುತ್ತದೆ.

ಇದರಲ್ಲಿ ಏನು ದೊಡ್ಡ ವಿಷಯ ಅಂತೀರಾ? ಇದೆ. ಉತ್ತರ ಅಮೆರಿಕದಲ್ಲಿ ಬೆಳೆದ ಬಹುತೇಕ ಜನಕ್ಕೆ ಈ ಏಳು ಕಷ್ಟ. ಅಲ್ಲಿನ ಹಾಡುಗಳು ಹೆಚ್ಚಾಗಿ ಎರಡು, ಮೂರು, ನಾಲ್ಕರ ಸಮ ಲೆಕ್ಕದಲ್ಲಿ ನಡೆಯುತ್ತವೆ. ಬಲ್ಗೇರಿಯಾ, ಮ್ಯಾಸಿಡೋನಿಯಾ ಇರುವ ಬಾಲ್ಕನ್ ಕಡೆಯ ಜಾನಪದ ಸಂಗೀತದಲ್ಲಾದರೆ ನಮ್ಮ ಹಾಗೇ ಏಳು, ಐದು ಎಲ್ಲ ಇದೆ. ಎರಿನ್ ಹ್ಯಾನನ್, ಸ್ಯಾಂಡ್ರಾ ಟ್ರೆಹಬ್ ಅನ್ನುವ ಇಬ್ಬರು ಸಂಶೋಧಕರು 2005ರಲ್ಲಿ ಇದನ್ನು ಉತ್ತರ ಅಮೆರಿಕದ ಕೂಸುಗಳ ಮೇಲೆ ಪರೀಕ್ಷೆ ಮಾಡಿದರು. ಆರು ತಿಂಗಳ ಕೂಸಿಗೆ ಸಮ ಲೆಕ್ಕದಲ್ಲಿ ತಾಳ ತಪ್ಪಿದರೂ ಗೊತ್ತಾಗುತ್ತಿತ್ತು, ಏಳರ ಲೆಕ್ಕದಲ್ಲಿ ತಪ್ಪಿದರೂ ಗೊತ್ತಾಗುತ್ತಿತ್ತು. ಒಂದು ವರ್ಷ ತುಂಬುವಷ್ಟರಲ್ಲಿ ಆ ಏಳು ಜಾರಿಹೋಗಿತ್ತು. ಕಿವಿಗೆ ಬೀಳದ್ದನ್ನು ಕಿವಿ ಬಿಟ್ಟುಕೊಟ್ಟಿತ್ತು.

ನನಗೆ ಜಾಸ್ತಿ ಇಷ್ಟವಾಗಿದ್ದು ಅದರ ಮುಂದಿನ ಭಾಗ. ವರ್ಷದ ಕೂಸುಗಳ ಮನೆಗೆ ಆ ಬಾಲ್ಕನ್ ಸಂಗೀತದ ಸಿಡಿ ಕೊಟ್ಟು ಕಳಿಸಿದರು. ಎರಡು ವಾರ ಮನೆಯಲ್ಲಿ ಹಾಕಿ ಅಂದರು. ಯಾರೂ ಪಾಠ ಹೇಳಲಿಲ್ಲ. ಎರಡು ವಾರ ಬಿಟ್ಟು ಪರೀಕ್ಷೆ ಮಾಡಿದರೆ ಕೂಸುಗಳಿಗೆ ಏಳು ವಾಪಸ್ ಬಂದಿತ್ತು. ಅದೇ ಸಿಡಿಯನ್ನು ದೊಡ್ಡವರಿಗೂ ಕೊಟ್ಟರು. ದೊಡ್ಡವರಿಗೆ ಅಷ್ಟರಿಂದ ಕೂಸುಗಳ ಮಟ್ಟಿಗೆ ಬರಲಿಲ್ಲ. ಮಗುವಿಗೆ ಸಂಗೀತದ ಕ್ಲಾಸು ಯಾವ ವಯಸ್ಸಿಗೆ ಶುರು ಮಾಡಬೇಕು ಅಂತ ಕೇಳುತ್ತಿರುತ್ತಾರೆ. ಕ್ಲಾಸು ಯಾವಾಗಲಾದರೂ ಆಗಲಿ, ಮನೆಯಲ್ಲಿ ಏನು ತಿರುಗುತ್ತಿದೆ ಅನ್ನುವುದು ಅದಕ್ಕಿಂತ ಮುಂಚೆಯೇ ಶುರುವಾಗಿರುತ್ತದೆ.

ಟೇಪಿಗಿಂತ ಮುಂಚೆ ನಮ್ಮ ಮನೆಯಲ್ಲಿ ರೇಡಿಯೋ ಇತ್ತು. ವಾಲ್ವ್ ರೇಡಿಯೋ, ಮುಂದೆ ಬಟ್ಟೆ, ಒಳಗೆ ಹಳದಿ ದೀಪ. ಗುಂಡಿ ತಿರುಗಿಸಿದ ತಕ್ಷಣ ಹಾಡುತ್ತಿರಲಿಲ್ಲ. ವಾಲ್ವ್ ಬಿಸಿಯಾಗಬೇಕು. ಮೊದಲು ದೀಪ, ಆಮೇಲೆ ಬಿಸಿ ಧೂಳಿನ ವಾಸನೆ, ಆಮೇಲೆ ಗುಂಯ್ ಅನ್ನುವ ಸದ್ದು, ಅದರೊಳಗಿಂದ ನಿಧಾನಕ್ಕೆ ಮನುಷ್ಯರ ದನಿ ಎದ್ದು ಬರುತ್ತಿತ್ತು. ಬೆಳಿಗ್ಗೆ 6:55ಕ್ಕೆ ಸಂಸ್ಕೃತ ವಾರ್ತೆ, ‘ಇಯಂ ಆಕಾಶವಾಣೀ’. ಸಂಸ್ಕೃತ ಒಂದಕ್ಷರ ಬಾರದಿದ್ದರೂ ಆ ಸಾಲು ವಾರ್ತೆ ಓದುವ ಬಲದೇವಾನಂದ ಸಾಗರರ ಹೆಸರಿನವರೆಗೂ ನಮಗೆಲ್ಲ ಬಾಯಿಪಾಠ, ಅಲ್ವಾ? ಅದಕ್ಕೂ ಮುಂಚೆ ಬರುತ್ತಿದ್ದ ಆ ಸಂಕೇತ ಧ್ವನಿ, ಪಿಟೀಲು ತಂಬೂರಿಯದು, ಅದನ್ನು ಕಟ್ಟಿದ್ದು ವಾಲ್ಟರ್ ಕೌಫ್‌ಮನ್ ಅಂತ, ಯುರೋಪಿನಿಂದ ತಪ್ಪಿಸಿಕೊಂಡು ಮುಂಬಯಿಗೆ ಬಂದಿದ್ದ ಯಹೂದಿ. ಭಾರತದ ಕೋಟ್ಯಂತರ ಮಕ್ಕಳ ಕಿವಿಗೆ ಬೆಳಿಗ್ಗೆ ಮೊದಲು ಬೀಳುತ್ತಿದ್ದುದು ಆ ಮನುಷ್ಯನ ಸಂಗೀತ.

‘ಆಕಾಶವಾಣಿ’ ಅನ್ನುವ ಹೆಸರಿಗೂ ಒಂದು ಮನೆಯ ಕಥೆ ಇದೆ. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಒಂದು ರೇಡಿಯೋ ಸ್ಟೇಷನ್ ಶುರು ಮಾಡಿದರಲ್ಲ, ಆ ಹೆಸರು ಅಲ್ಲಿಂದ ಬಂದದ್ದು. ಅವರು ಯಾವ ವಿಷಯದ ಪ್ರಾಧ್ಯಾಪಕರು ಗೊತ್ತಾ? ಇಂಜಿನಿಯರಿಂಗ್ ಅಲ್ಲ, ಮನಶ್ಶಾಸ್ತ್ರ. ನನಗೆ ಅದು ತುಂಬಾ ಸರಿಯಾಗಿದೆ ಅನ್ನಿಸುತ್ತದೆ.

ಆದರೆ ಆ ಮೀಡಿಯಂ ವೇವ್ ರೇಡಿಯೋ ನಮಗೆ ಪೂರ್ತಿ ಸಂಗೀತ ಕೊಡುತ್ತಿರಲಿಲ್ಲ. ಮೀಡಿಯಂ ವೇವ್‌ನಲ್ಲಿ ಒಂದು ಸ್ಟೇಷನ್ನಿಗೂ ಇನ್ನೊಂದಕ್ಕೂ ನಡುವೆ 9 ಕಿಲೋಹರ್ಟ್ಸ್ ಜಾಗ, ಹಾಗಾಗಿ ದನಿ ಸುಮಾರು ನಾಲ್ಕೂವರೆ ಐದು ಕಿಲೋಹರ್ಟ್ಸ್‌ಗೆ ಕತ್ತರಿಸಿ ಹೋಗುತ್ತದೆ. ಚಿಕ್ಕ ಮಕ್ಕಳ ಕಿವಿ 20 ಕಿಲೋಹರ್ಟ್ಸ್‌ವರೆಗೂ ಕೇಳುತ್ತದೆ. ಅಂದರೆ ಮೇಲಿನ ಚೂಪು, ಮಿನುಗು ಎಲ್ಲ ದಾರಿಯಲ್ಲೇ ಉಳಿದು, ನಮಗೆ ಬರುತ್ತಿದ್ದದ್ದು ಹೊಟ್ಟೆ ಭಾಗ ಮಾತ್ರ. ತಂಬೂರಿ ಅಂದರೆ ಹಿಂದೆ ಬರುವ ಒಂದು ಮಸುಕು ಗುಂಯ್‌ಗುಡುವಿಕೆ, ಬಹುಶಃ ರೇಡಿಯೋದ್ದೇ ಸದ್ದು ಅಂತ ನಾನು ಅಂದುಕೊಂಡಿದ್ದೆ.

ಹದಿನೇಳನೇ ವಯಸ್ಸಿಗೆ ಬೆಂಗಳೂರಿಗೆ ಬಂದವನು ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ರಾಮನವಮಿ ಕಛೇರಿಗೆ ಹೋದೆ. ಶ್ರೀರಾಮ ಸೇವಾ ಮಂಡಳಿಯದು, 1939ರಿಂದ ನಡೆಯುತ್ತಿದೆ. ಕಛೇರಿಗೆ ಮುಂಚೆ ಒಬ್ಬ ಹೆಂಗಸು ಬದಿಯಲ್ಲಿ ಕೂತು ತಂಬೂರಿ ಶ್ರುತಿ ಮಾಡುತ್ತಿದ್ದರು. ತಂತಿಗೂ ಅದನ್ನು ಹೊತ್ತಿರುವ ಕುದುರೆ ಅನ್ನುವ ಪಟ್ಟಿಗೂ ನಡುವೆ ಒಂದು ಸಣ್ಣ ದಾರದ ಎಳೆ ಇರುತ್ತದೆ, ಜೀವಾಳ. ಅದನ್ನು ಕೂದಲೆಳೆಯಷ್ಟು ಆ ಕಡೆ ಈ ಕಡೆ ಸರಿಸುತ್ತಾ ಮೀಟುತ್ತಿದ್ದರು. ಒಂದು ಜಾಗಕ್ಕೆ ಬಂದಾಗ ತಂತಿ ಇದ್ದಕ್ಕಿದ್ದ ಹಾಗೆ ತೆರೆದುಕೊಂಡಿತು. ಒಂದೇ ತಂತಿಯಿಂದ ಜೇನುಗೂಡು ಬಿಚ್ಚಿದ ಹಾಗೆ ಹತ್ತಾರು ಸ್ವರ. ನನಗೆ ಗಾಬರಿಯೇ ಆಯಿತು. ಹದಿನೇಳು ವರ್ಷ ನಾನು ಕೇಳಿದ್ದ ಸಂಗೀತದಲ್ಲಿ ಇದು ಇರಲೇ ಇಲ್ಲ. ತಮಾಷೆ ಏನೆಂದರೆ, ಇವತ್ತಿಗೂ ನನಗೆ ನೆಮ್ಮದಿ ಕೊಡುವುದು ಆ ಮಸುಕು ರೇಡಿಯೋ ತಂಬೂರಿಯೇ. ಜೀವಾಳದ ತಂಬೂರಿಯನ್ನು ಕೇಳಿದರೆ ಎದ್ದು ಕೂರುತ್ತೇನೆ. ರೇಡಿಯೋದ್ದು ಕೇಳಿದರೆ ನಿದ್ದೆ ಬರುತ್ತದೆ.

  

ಕಿವಿಗೆ ಬೀಳುವುದಕ್ಕೆ ಮನೆಯಲ್ಲೇ ಯಂತ್ರ ಇರಬೇಕು ಅಂತಲೂ ಇಲ್ಲ. ಭೀಮಸೇನ ಜೋಶಿಯವರದ್ದೇ ನೋಡಿ. ಗದಗಿನ ಹುಡುಗ. ತಾಯಿ ಭಜನೆ ಹಾಡುತ್ತಿದ್ದರು. ಬೀದಿಯಲ್ಲಿ ಭಜನೆ, ವಾಲಗದ ಮೆರವಣಿಗೆ ಹೋದರೆ ಹಿಂದೆಯೇ ಹೋಗಿ, ಸುಸ್ತಾದ ಕಡೆ ಮಲಗಿಬಿಡುತ್ತಿದ್ದರಂತೆ. ಹುಡುಕಿ ಸಾಕಾಗಿ ತಂದೆ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಅಂತ ಬರೆದು ಕಳಿಸುತ್ತಿದ್ದರು ಅನ್ನುವ ಕಥೆ ನೀವೂ ಕೇಳಿರುತ್ತೀರಿ. ಆ ಕಾಲದ ದೊಡ್ಡ ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರು ಝಿಂಝೋಟಿ ರಾಗದಲ್ಲಿ ಹಾಡಿದ ಠುಮ್ರಿ ಜೋಶಿಯವರ ಕಿವಿಗೆ ಬಿದ್ದದ್ದು ಗ್ರಾಮಫೋನ್ ಪ್ಲೇಟಿನಿಂದ. ನಿಮಿಷಕ್ಕೆ 78 ಸುತ್ತು, ಒಂದು ಮುಖ ಅಂದರೆ ಮೂರು ಮೂರೂವರೆ ನಿಮಿಷ. 1933ರಲ್ಲಿ, ಹನ್ನೊಂದನೇ ವಯಸ್ಸಿಗೆ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟರು. ಗ್ವಾಲಿಯರ್, ಜಲಂಧರ್ ಎಲ್ಲ ಸುತ್ತಿ ಕೊನೆಗೆ ಗುರು ಸಿಕ್ಕಿದ್ದು ಪಕ್ಕದ ಕುಂದಗೋಳದಲ್ಲಿ, ಸವಾಯಿ ಗಂಧರ್ವರು. ಅವರು ಯಾರ ಶಿಷ್ಯರು? ಅದೇ ಅಬ್ದುಲ್ ಕರೀಂ ಖಾನರ ಶಿಷ್ಯರು.

ಬೆಳಗಾವಿಯ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರದ್ದು ಇನ್ನೂ ವಿಚಿತ್ರ. ಚಿಕ್ಕ ಹುಡುಗ, ದೊಡ್ಡ ಗಾಯಕರ ರೆಕಾರ್ಡು ಕೇಳಿ ಹಾಗ್ಹಾಗೇ ಹಾಡಿಬಿಡುತ್ತಿದ್ದ. ಆ ಸಾಮರ್ಥ್ಯ ನೋಡಿಯೇ ಸ್ವಾಮಿಗಳೊಬ್ಬರು ಅವರಿಗೆ ಆ ಹೆಸರು ಕೊಟ್ಟದ್ದು. ಆಮೇಲೆ ಅವರು ಹಾಡಿದ ಸಂಗೀತ ಯಾವ ರೆಕಾರ್ಡಿನ ಹಾಗೂ ಇರಲಿಲ್ಲ.

ಇನ್ನು ಅಪ್ಪ ಅಮ್ಮಂದಿರ ಹಾಡಿನ ವಿಷಯ. ಹದಿಹರೆಯದಲ್ಲಿ ಕೇಳಿದ್ದು ಕೊನೆಯವರೆಗೂ ಉಳಿಯುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. 2013ರಲ್ಲಿ ಕ್ಯಾರಲ್ ಕ್ರಮ್‌ಹ್ಯಾನ್ಸಲ್ ಮತ್ತು ಜಸ್ಟಿನ್ ಝುಪ್ನಿಕ್ ಅಮೆರಿಕದ ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರಿಗೆ 1955ರಿಂದ 2009ರವರೆಗಿನ ಜನಪ್ರಿಯ ಹಾಡುಗಳನ್ನು ಕೇಳಿಸಿದರು. ತಮ್ಮ ಕಾಲದ ಹಾಡು ಅವರಿಗೆ ಇಷ್ಟವಾಗಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಆ ಇಷ್ಟದ ಗ್ರಾಫಿನಲ್ಲಿ ಇನ್ನೊಂದು ಕಡೆಯೂ ಗುಡ್ಡ ಎದ್ದಿತ್ತು, 1980ರ ದಶಕದ ಆರಂಭದ ಹಾಡುಗಳ ಹತ್ತಿರ. ಅದು ಅವರ ಅಪ್ಪ ಅಮ್ಮ ಹರೆಯದಲ್ಲಿದ್ದ ಕಾಲ. ಆ ಮಕ್ಕಳು ಇನ್ನೂ ಹುಟ್ಟೇ ಇರಲಿಲ್ಲ. ಮನೆಯಲ್ಲಿ, ಕಾರಿನಲ್ಲಿ ಹಾಕಿದ್ದು ಕಿವಿಗೆ ಬಿದ್ದಿತ್ತು.

ನನ್ನ ಚಿಂತೆ ಇಲ್ಲೇ ಇರುವುದು. ನಾನು ಈಗ ಹಾಡು ಕೇಳುವುದು ಹೇಗೆ? ಕಿವಿಗೆ ಇಯರ್‌ಫೋನು. ಮನೆಯಲ್ಲಿ ಮೂರು ಜನ, ಮೂರು ಇಯರ್‌ಫೋನು. ನಾನು ದಿನಾ ಎರಡು ಗಂಟೆ ಹಾಡು ಕೇಳುತ್ತೇನೆ, ಅದರಲ್ಲಿ ಒಂದು ಸ್ವರ ಕೂಡ ನನ್ನ ಮಗಳ ಕಿವಿಗೆ ಬಿದ್ದಿಲ್ಲ. ನಮ್ಮಪ್ಪನಿಗೆ ಸಂಗೀತದ ಗಂಧ ಅಷ್ಟಕ್ಕಷ್ಟೇ, ಆದರೂ ಮೂರು ಕ್ಯಾಸೆಟ್ಟಿನಲ್ಲಿ ನನಗೆ ಜೀವನಕ್ಕಾಗುವಷ್ಟು ಕೊಟ್ಟರು. ನನ್ನ ಫೋನಿನಲ್ಲಿ ಜಗತ್ತಿನ ಹಾಡೆಲ್ಲ ಇದೆ. ಮಗಳು ಚಿಕ್ಕವಳಿದ್ದಾಗ ಅವಳಿಗೆ ಸಿಕ್ಕಿದ್ದು ನನ್ನ ತಲೆದೂಗುವಿಕೆ ಮಾತ್ರ.

ಈಗಿನವರ ಕಿವಿ ಕೆಟ್ಟಿದೆ ಅಂತ ಬೈಯುವವರ ಗುಂಪಿಗೆ ಮಾತ್ರ ನಾನು ಸೇರುವುದಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೊನಾಥನ್ ಬರ್ಗರ್ ತಮ್ಮ ವಿದ್ಯಾರ್ಥಿಗಳಿಗೆ ಹಿಂಡಿ ಚಿಕ್ಕದು ಮಾಡಿದ ಎಂಪಿ3ಯ ಚುರುಗುಟ್ಟುವ ಸದ್ದೇ ಇಷ್ಟವಾಗುತ್ತಿದೆ ಅಂದಾಗ ದೊಡ್ಡ ಗುಲ್ಲಾಗಿತ್ತು. ಆಮೇಲೆ ಸ್ಪೀಕರ್ ಮಾಡುವ ಹಾರ್ಮನ್ ಕಂಪನಿಯ ಷಾನ್ ಆಲಿವ್ ಹೈಸ್ಕೂಲ್ ಮಕ್ಕಳಿಗೆ ಎಂಪಿ3, ಸಿಡಿ ಎರಡನ್ನೂ ಹೆಸರು ಹೇಳದೆ ಕೇಳಿಸಿದಾಗ ಮಕ್ಕಳು ಹೆಚ್ಚಾಗಿ ಆರಿಸಿದ್ದು ಸಿಡಿ ಗುಣಮಟ್ಟವನ್ನೇ. ಕಿವಿ ಚೆನ್ನಾಗೇ ಇದೆ. ನಾವು ಅದರೊಳಗೆ ಏನು ಬೀಳಿಸುತ್ತಿದ್ದೇವೆ ಅನ್ನುವುದಷ್ಟೇ ಪ್ರಶ್ನೆ.

ಮಾತು ಇಲ್ಲಿಗೆ ಮುಗಿಸಿದ್ದೆ. ಆಮೇಲೆ ಪ್ರಶ್ನೆಗಳು.

ಎರಡು ವರ್ಷದ ಮಗುವಿನ ತಂದೆಯೊಬ್ಬರು ಯಾವ ಸ್ಪೀಕರ್ ತಗೊಳ್ಳಲಿ ಅಂದರು. ಯಾವುದಾದರೂ ಸರಿ, ಅಡುಗೆಮನೆಗೂ ಹಾಲಿಗೂ ಕೇಳಿಸುವ ಕಡೆ ಇಡಿ, ನಿಮಗೆ ಇಷ್ಟವಾದದ್ದನ್ನೇ ಹಾಕಿಕೊಳ್ಳಿ, ಮಗುವಿಗೆ ಅಂತ ಹಾಕಬೇಡಿ ಅಂದೆ. ಎಷ್ಟು ಜೋರು ಅಂತ ಅವರ ಹೆಂಡತಿ ಕೇಳಿದರು. ಹಾಡಿನ ಮೇಲೆ ಮಾಮೂಲಿ ದನಿಯಲ್ಲಿ ಮಾತಾಡಿಕೊಳ್ಳುವಷ್ಟು. ಇಯರ್‌ಫೋನ್ ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಇದೆ, ದೊಡ್ಡವರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್, ಮಕ್ಕಳಿಗೆ 75.

ಅಮೆರಿಕದಲ್ಲಿರುವ ಮೊಮ್ಮಗಳಿಗೆ ವಿಡಿಯೋ ಕಾಲ್‌ನಲ್ಲಿ ದೇವರನಾಮ ಹೇಳಿಕೊಡುವ ಅಜ್ಜಿಯೊಬ್ಬರು ಬಂದಿದ್ದರು. ನಾನು ಶ್ರುತಿ ಪೆಟ್ಟಿಗೆ ಹಾಕಿಕೊಂಡೇ ಹಾಡ್ತೀನಿ, ಅವಳಿಗೆ ಶ್ರುತಿ ಕೇಳಿಸೋದೇ ಇಲ್ಲವಂತೆ ಅಂದರು. ಅದು ಅವರ ತಪ್ಪಲ್ಲ, ಮಗುವಿನ ತಪ್ಪೂ ಅಲ್ಲ. ಒಂದೇ ಸಮನೆ ಬರುವ ಯಾವ ಸದ್ದನ್ನಾದರೂ ಈ ಆಪ್‌ಗಳು ಫ್ಯಾನೋ ಮಿಕ್ಸಿಯೋ ಅಂತ ತಿಳಿದು ಅಳಿಸಿಹಾಕುತ್ತವೆ. ಅವುಗಳ ಪಾಲಿಗೆ ತಂಬೂರಿ ಅಂದರೆ ಗಲಾಟೆ. ಝೂಮ್‌ನಲ್ಲಿ ಮೂಲ ಧ್ವನಿ ಹಾಗೇ ಕಳಿಸು ಅನ್ನುವ ಒಂದು ಆಯ್ಕೆ ಇದೆ, ಅದನ್ನು ಒತ್ತಬೇಕು. ಅವರ ಫೋನಿನಲ್ಲೇ ತೋರಿಸಿಕೊಟ್ಟೆ.

ಕೊನೆಗೆ ಆ ತಾಳ ತಪ್ಪಿದ ಇಬ್ಬರು ಹುಡುಗರಲ್ಲಿ ಒಬ್ಬ ಕೇಳಿದ, ಆ ಟೇಪ್ ರೆಕಾರ್ಡರ್ ಈಗ ಎಲ್ಲಿದೆ, ರಿಪೇರಿ ಮಾಡಿಸಿದ್ರಾ?

ನನ್ನ ಹತ್ತಿರವೇ ಇದೆ. ರಿಪೇರಿ ಅಂದರೆ ದೊಡ್ಡದೇನಲ್ಲ. ಮೋಟರಿನ ಹಿಂಭಾಗದಲ್ಲಿ ಒಂದು ಸಣ್ಣ ತೂತು ಇರುತ್ತದೆ, ಒಳಗೆ ಒಂದು ಸ್ಕ್ರೂ. ಕನ್ನಡಕ ರಿಪೇರಿಯವರ ಸ್ಕ್ರೂಡ್ರೈವರ್ ತೂರಿಸಿ ಕಾಲು ಸುತ್ತು ತಿರುಗಿಸಿದರೆ ವೇಗ ಸರಿಹೋಗುತ್ತದೆ. ಎರಡು ವರ್ಷದ ಹಿಂದೆ ಬಿಚ್ಚಿ, ಸ್ಕ್ರೂಡ್ರೈವರ್ ತೂರಿಸಿದ್ದೂ ಆಯಿತು. ಆಗ ಆ ನಾಲ್ಕನೇ ಕ್ಯಾಸೆಟ್ಟು ನೆನಪಾಯಿತು. ಖಾಲಿ ಅಂದೆನಲ್ಲ, ಅದರಲ್ಲಿ ಅಪ್ಪ ನಮ್ಮಜ್ಜಿಯ ಹಾಡು ತುಂಬಿಸಿದ್ದರು, ಅದೇ ಯಂತ್ರದಲ್ಲಿ. ಜೋರಾಗಿ ಓಡುವ ಯಂತ್ರದಲ್ಲಿ ತುಂಬಿಸಿದ್ದು ಅದೇ ಜೋರಿನಲ್ಲಿ ಓಡಿದರೆ ಮಾತ್ರ ಸರಿಯಾಗಿ ಬರುತ್ತದೆ. ಸ್ಕ್ರೂ ತಿರುಗಿಸಿದರೆ ಭೀಮಸೇನ ಜೋಶಿ ತಮ್ಮ ಶ್ರುತಿಗೆ ಬರುತ್ತಾರೆ, ಅಜ್ಜಿ ಅರ್ಧ ಮನೆ ಕೆಳಗೆ ಇಳಿಯುತ್ತಾಳೆ.

ಹಾಗೇ ಮುಚ್ಚಿಟ್ಟೆ.